ಒಂದು ಫೋನ್ ತುಂಬಲು ಎಷ್ಟು ಕೊಡ ನೀರು ಸೇದಬೇಕು?

ಆಷಾಢದ ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಪ್ಪನ ಫೋನು 'ಸ್ವಿಚ್ ಆಫ್ ಆಗಿದೆ' ಅನ್ನಲು ಶುರು. ಎಲ್ಲೋ ಒಂದು ಮರ ತಂತಿಯ ಮೇಲೆ ಬೀಳುತ್ತದೆ, ಕರೆಂಟು ಹೋಗುತ್ತದೆ. ಸಂಜೆಗೇ ಬಂದರೆ ಪುಣ್ಯ, ಇಲ್ಲದಿದ್ದರೆ ಮೂರು ದಿನ. ಲ್ಯಾಂಡ್‌ಲೈನ್ ಇದ್ದಾಗ ಈ ತಾಪತ್ರಯ ಇರಲಿಲ್ಲ. ಅದಕ್ಕೆ ಬೇಕಾದ ಕರೆಂಟು ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಫೋನಿನ ತಂತಿಯಲ್ಲೇ ಬರುತ್ತಿತ್ತು. ಮನೆಯಲ್ಲಿ ಕತ್ತಲಿದ್ದರೂ ಫೋನ್ ರಿಂಗಾಗುತ್ತಿತ್ತು. ಮೊಬೈಲಿಗೆ ಮಾತ್ರ ನಾವೇ ಉಣಿಸಬೇಕು.

ಈ ಸಲ ಚಿಕ್ಕಪ್ಪನ ಅರವತ್ತರ ಶಾಂತಿ. ಏನು ಕೊಡೋಣ ಅಂತ ವಾಟ್ಸಾಪ್ ಗುಂಪಿನಲ್ಲಿ ಚರ್ಚೆ ಎದ್ದಿತು. 'ಸೋಲಾರ್ ಪವರ್ ಬ್ಯಾಂಕ್ ಕೊಡೋಣ, ಬಿಸಿಲು ಫ್ರೀ ಅಲ್ವಾ' ಎಂದ ಒಬ್ಬ. 'ಮಲೆನಾಡಿನ ಮಳೆಗಾಲದಲ್ಲಿ ಬಿಸಿಲೆಲ್ಲಿ? ಕೈಯಲ್ಲಿ ತಿರುಗಿಸುವ ಚಾರ್ಜರ್ ಇದೆ, ಅದೇ ಸರಿ' ಎಂದಳು ಇನ್ನೊಬ್ಬಳು. ಇಬ್ಬರ ಮಾತೂ ಸರಿ ಅನಿಸುತ್ತದೆ. ಲೆಕ್ಕ ಹಾಕಿದರೆ ಇಬ್ಬರದೂ ಅರ್ಧರ್ಧ ಸರಿ. ಆ ಲೆಕ್ಕ ಕಷ್ಟದ್ದಲ್ಲ, ಎರಡು ಪದ ಗೊತ್ತಿದ್ದರೆ ಸಾಕು.

ನಲ್ಲಿ ಮತ್ತು ಟ್ಯಾಂಕು

ಮೊದಲ ಪದ ವ್ಯಾಟ್. ಇದು ನಲ್ಲಿಯಿಂದ ನೀರು ಬರುವ ರಭಸದ ಹಾಗೆ. ಎರಡನೆಯದು ವ್ಯಾಟ್-ಗಂಟೆ. ಇದು ಟ್ಯಾಂಕಿನಲ್ಲಿ ಎಷ್ಟು ನೀರು ಹಿಡಿಸುತ್ತದೆ ಎಂಬುದು. 10 ವ್ಯಾಟ್‌ನ ನಲ್ಲಿ ಒಂದು ಗಂಟೆ ಹರಿದರೆ 10 ವ್ಯಾಟ್-ಗಂಟೆ ತುಂಬಿತು. ಅಷ್ಟೇ.

ಆದರೆ ಪವರ್ ಬ್ಯಾಂಕಿನ ಡಬ್ಬದ ಮೇಲೆ ಇದ್ಯಾವುದೂ ದೊಡ್ಡದಾಗಿ ಇರುವುದಿಲ್ಲ. ಅಲ್ಲಿರುವುದು 'ಎಂಎಎಚ್', ಅಂದರೆ ಮಿಲಿಆಂಪಿಯರ್-ಗಂಟೆ. ಸಂಖ್ಯೆ ದೊಡ್ಡದಾಗಿ ಕಾಣುತ್ತದೆ, ಮಾರುವವರಿಗೆ ಅನುಕೂಲ. ಅದನ್ನು ವ್ಯಾಟ್-ಗಂಟೆಗೆ ತರಲು 1000ದಿಂದ ಭಾಗಿಸಿ, ಬ್ಯಾಟರಿಯ ವೋಲ್ಟೇಜಿನಿಂದ ಗುಣಿಸಬೇಕು. ಪವರ್ ಬ್ಯಾಂಕಿನ ಬ್ಯಾಟರಿಗೆ ಸಾಮಾನ್ಯವಾಗಿ 3.7 ವೋಲ್ಟ್. ಹಾಗಾಗಿ 10,000 ಎಂಎಎಚ್ ಅಂದರೆ 37 ವ್ಯಾಟ್-ಗಂಟೆ. ಈಗಿನ 5,000 ಎಂಎಎಚ್ ಸ್ಮಾರ್ಟ್‌ಫೋನಿನ ಬ್ಯಾಟರಿ ಸುಮಾರು 19 ವ್ಯಾಟ್-ಗಂಟೆ.

ಹತ್ತು ಸಾವಿರಕ್ಕೆ ಐದು ಸಾವಿರ ಎರಡು ಸಲ ಹೋಗಬೇಕಲ್ಲ? ಹೋಗುವುದಿಲ್ಲ. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುವಾಗ ಸ್ವಲ್ಪ ಚೆಲ್ಲುವ ಹಾಗೆ, ವೋಲ್ಟೇಜು ಬದಲಿಸುವಾಗ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. 10,000ದ ಪವರ್ ಬ್ಯಾಂಕ್ ನಮ್ಮ ಫೋನನ್ನು ಒಂದೂವರೆ ಸಲ ತುಂಬಿದರೆ ಅದು ಸರಿಯಾಗೇ ಇದೆ, ಮೋಸವೇನಲ್ಲ.

ಇನ್ನೊಂದು ಮಾತು. 1000 ವ್ಯಾಟ್-ಗಂಟೆ ಸೇರಿದರೆ ಕರೆಂಟ್ ಬಿಲ್ಲಿನ ಒಂದು ಯೂನಿಟ್. ಸೋರಿಕೆಯನ್ನೂ ಲೆಕ್ಕಕ್ಕೆ ಹಿಡಿದರೆ ಒಂದು ಯೂನಿಟ್ಟಿನಲ್ಲಿ ಫೋನ್ ನಲವತ್ತು ಸಲ ತುಂಬುತ್ತದೆ. ಯೂನಿಟ್ಟಿಗೆ 6–7 ರೂಪಾಯಿ ಅಂತಿಟ್ಟುಕೊಂಡರೂ ಒಂದು ಸಲಕ್ಕೆ ಇಪ್ಪತ್ತು ಪೈಸೆ ಆಗುವುದಿಲ್ಲ. ಆದ್ದರಿಂದ ಸೋಲಾರ್ ಚಾರ್ಜರ್ ಕೊಟ್ಟರೆ ಅವರ ಬಿಲ್ ಉಳಿಯುತ್ತದೆ ಅನ್ನುವ ಆಸೆ ಬೇಡ. ಕರೆಂಟೇ ಇಲ್ಲದ ಹೊತ್ತಿಗೆ ಆದೀತು ಅಂತ ಕೊಡುವುದಿದು.

ಬಾವಿಯ ಲೆಕ್ಕ

ಈಗ ಕೈಯಲ್ಲಿ ತಿರುಗಿಸುವ ಚಾರ್ಜರ್ ನೋಡೋಣ. ತಂತಿಯ ಸುರುಳಿಯ ಹತ್ತಿರ ಆಯಸ್ಕಾಂತ ಆಡಿಸಿದರೆ ಕರೆಂಟು ಹುಟ್ಟುತ್ತದೆ ಅಂತ ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದ. ಇವತ್ತಿಗೂ ಲಿಂಗನಮಕ್ಕಿಯ ನೀರಿನಿಂದ ಕರೆಂಟು ಹುಟ್ಟುವುದು ಅದೇ ದಾರಿಯಲ್ಲಿ. ಹಳೇ ಸೈಕಲ್ಲಿನ ಚಕ್ರಕ್ಕೆ ಒರಗಿಸುತ್ತಿದ್ದ ಡೈನಮೋ ಕೂಡ ಅದೇ. ಡೈನಮೋ ಹಾಕಿದ ಕೂಡಲೇ ಪೆಡಲ್ ಭಾರ ಆಗುತ್ತಿದ್ದದ್ದು ನೆನಪಿದೆಯಾ? ಆ ಭಾರವೇ ಬೆಳಕಿನ ಬೆಲೆ. ಅಷ್ಟು ತುಳಿದರೂ ಸಿಗುತ್ತಿದ್ದದ್ದು ಸುಮಾರು 3 ವ್ಯಾಟ್.

ಆ ಭಾರ ಎಷ್ಟು ಅಂತ ಬಾವಿಕಟ್ಟೆಯಲ್ಲಿ ನಿಂತು ಲೆಕ್ಕ ಹಾಕಬಹುದು. 10 ಲೀಟರ್ ನೀರು ಹಿಡಿಯುವ ಕೊಡವನ್ನು 10 ಮೀಟರ್, ಅಂದರೆ ಮೂವತ್ತಮೂರು ಅಡಿ ಆಳದಿಂದ ಸೇದಿದಿರಿ ಅನ್ನಿ. ನೀರನ್ನು ಮೇಲೆತ್ತಲು ಹಿಡಿದ ಶಕ್ತಿ 980 ಜೌಲ್ (ಶಕ್ತಿಯ ಇನ್ನೊಂದು ಅಳತೆ). ವ್ಯಾಟ್-ಗಂಟೆಯಲ್ಲಿ ಹೇಳಿದರೆ 0.27. ಕಾಲು ವ್ಯಾಟ್-ಗಂಟೆಗಿಂತ ಚೂರು ಜಾಸ್ತಿ.

ಫೋನಿಗೆ ಬೇಕಾದದ್ದು 19. ಭಾಗಿಸಿ ನೋಡಿ: 70 ಕೊಡ. ಅದೂ ಒಂದು ತೊಟ್ಟೂ ಚೆಲ್ಲದಿದ್ದರೆ. ಚಾರ್ಜರಿನ ಒಳಗಿನ ಹಲ್ಲುಚಕ್ರ, ಜನರೇಟರ್, ಕೇಬಲ್ಲು, ಫೋನಿನ ಬ್ಯಾಟರಿ, ಎಲ್ಲವೂ ದಾರಿಯಲ್ಲಿ ತಮ್ಮ ಪಾಲು ಕಿತ್ತುಕೊಳ್ಳುತ್ತವೆ. ನೂರು ಕೊಡ ಅಂತಿಟ್ಟುಕೊಳ್ಳಿ. ಕಾಲು ಗಂಟೆ ರೀಲ್ಸ್ ನೋಡುವುದಕ್ಕೆ ಎಷ್ಟು ಕೊಡ ಆಗುತ್ತದೋ ನೀವೇ ಲೆಕ್ಕ ಹಾಕಿ!

ಸಮಯದ ಲೆಕ್ಕವೂ ಇಷ್ಟೇ ಬೇಸರದ್ದು. ಆರೋಗ್ಯವಂತರು ಸೈಕಲ್ ತುಳಿದು ಒಂದು ಗಂಟೆ ಹೊತ್ತು 75ರಿಂದ 100 ವ್ಯಾಟ್ ಕೊಡಬಲ್ಲರು, ಏಕೆಂದರೆ ಕಾಲಿನ ಸ್ನಾಯು ದೊಡ್ಡದು. ಕೈಗೆ ಅಷ್ಟು ತಾಕತ್ತಿಲ್ಲ. ಅದಕ್ಕಿಂತ ಮುಖ್ಯ, ಅಂಗೈಯಷ್ಟಗಲದ ಡಬ್ಬದೊಳಗೆ ಕೂರುವ ಜನರೇಟರಿಗೂ ಇಲ್ಲ. ಅದು ಕೊಡುವುದು ಹೆಚ್ಚೆಂದರೆ 2ರಿಂದ 5 ವ್ಯಾಟ್. 3 ವ್ಯಾಟ್ ಹಿಡಿದರೆ ಫೋನ್ ಪೂರ್ತಿ ತುಂಬಲು ಆರು ಗಂಟೆಗೂ ಮೇಲೆ, ಸೋರಿಕೆ ಸೇರಿದರೆ ಎಂಟು ಗಂಟೆ. ತಿಂಡಿ ತಿಂದು ತಿರುಗಿಸಲು ಕೂತವರು ಸಂಜೆ ಕಾಫಿಗೆ ಏಳಬಹುದು. ಬೀಸುಕಲ್ಲಿನಲ್ಲಿ ರಾಗಿ ಬೀಸಿದ ಅಜ್ಜಿಯರು ಹಾಡು ಕಟ್ಟಿಕೊಂಡದ್ದು ಸುಮ್ನೆ ಅಲ್ಲ.

ಹಿಡಿ ಮುರಿಯುವುದು ಇನ್ನೊಂದು ಕಷ್ಟ. 2005ರ ನವೆಂಬರಿನಲ್ಲಿ ಟ್ಯುನಿಸ್ ನಗರದಲ್ಲಿ ಬಡ ದೇಶಗಳ ಮಕ್ಕಳಿಗಾಗಿ '100 ಡಾಲರ್ ಲ್ಯಾಪ್‌ಟಾಪ್' ತೋರಿಸಿದರು. ಅದಕ್ಕೆ ಪಕ್ಕದಲ್ಲಿ ತಿರುಗಿಸುವ ಹಿಡಿ ಇತ್ತು. ಆಗಿನ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ತಿರುಗಿಸಲು ಹೋದರೆ ಹಿಡಿ ಕೈಗೇ ಕಿತ್ತು ಬಂತು. ಮಕ್ಕಳ ಕೈ ಸೇರಿದ ಲ್ಯಾಪ್‌ಟಾಪಿನಲ್ಲಿ ಆ ಹಿಡಿ ಇರಲಿಲ್ಲ.

ಹಾಗಾದರೆ ತಿರುಗಿಸುವುದು ಯಾವುದಕ್ಕೆ?

ಕಡಿಮೆ ಉಣ್ಣುವ ವಸ್ತುಗಳಿಗೆ. ಬ್ರಿಟನ್ನಿನ ಟ್ರೆವರ್ ಬೇಲಿಸ್ 1990ರ ದಶಕದಲ್ಲಿ ಕೀಲಿ ಕೊಟ್ಟರೆ ಹಾಡುವ ರೇಡಿಯೋ ಮಾಡಿದ. ಕರೆಂಟೂ ಇಲ್ಲದ, ಸೆಲ್ಲು ಕೊಳ್ಳಲು ಕಾಸೂ ಇಲ್ಲದ ಆಫ್ರಿಕಾದ ಹಳ್ಳಿಗಳಿಗೆ ಏಡ್ಸ್ ಬಗ್ಗೆ ತಿಳಿವಳಿಕೆ ಮುಟ್ಟಿಸುವುದು ಅವನ ಉದ್ದೇಶ. ಗೋಡೆ ಗಡಿಯಾರಕ್ಕೆ ಕೀಲಿ ಕೊಟ್ಟ ಹಾಗೆ ಸ್ಪ್ರಿಂಗ್ ಬಿಗಿಯುವುದು, ಅದು ನಿಧಾನಕ್ಕೆ ಬಿಚ್ಚಿಕೊಳ್ಳುತ್ತಾ ಜನರೇಟರ್ ತಿರುಗಿಸುವುದು. ಇದು ನಡೆಯಿತು, ಏಕೆಂದರೆ ಚಿಕ್ಕ ರೇಡಿಯೋ ಕಾಲು ವ್ಯಾಟ್‌ನಲ್ಲೂ ಹಾಡುತ್ತದೆ.

ಅದೇ 3 ವ್ಯಾಟಿನ ಹಿಡಿಯನ್ನು ಒಂದು ನಿಮಿಷ ತಿರುಗಿಸಿದರೆ ಎಲ್‌ಇಡಿ ಟಾರ್ಚು ನಾಲ್ಕೈದು ನಿಮಿಷ ಉರಿಯುತ್ತದೆ. ರೇಡಿಯೋ ಎಂಟು-ಹತ್ತು ನಿಮಿಷ. ಸ್ಮಾರ್ಟ್‌ಫೋನಿನಲ್ಲಿ ಮಾತಾದರೆ ಎರಡು ನಿಮಿಷ. 'ನಾವು ಚೆನ್ನಾಗಿದ್ದೇವೆ, ಗಾಬರಿ ಬೇಡ' ಅನ್ನಲು ಎರಡು ನಿಮಿಷ ಸಾಕು ಅನ್ನಿ. ಆದರೆ ಸತ್ತ ಸ್ಮಾರ್ಟ್‌ಫೋನ್ ಮತ್ತೆ ಎದ್ದು ಕೂರುವುದಕ್ಕೇ ಹತ್ತು ಹದಿನೈದು ನಿಮಿಷದ ತಿರುಗಿಸುವಿಕೆ ತಿಂದುಬಿಡುತ್ತದೆ.

ಬಟನ್ ಫೋನಿನ ಕತೆ ಬೇರೆ. ಅದರ 1,000 ಎಂಎಎಚ್ ಬ್ಯಾಟರಿ ಬರೀ 3.7 ವ್ಯಾಟ್-ಗಂಟೆ, ಅಂದರೆ ಸ್ಮಾರ್ಟ್‌ಫೋನಿನ ಐದನೇ ಒಂದು ಪಾಲು. ಸುಮ್ಮನೆ ಇಟ್ಟರೆ ದಿನಗಟ್ಟಲೆ ಬರುತ್ತದೆ. ಕೈಚಾರ್ಜರಿಗೆ ಸರಿಯಾದ ಜೋಡಿ ಅಂದರೆ ಇದೇ. ಹತ್ತು ನಿಮಿಷದ ಬೆವರಿಗೆ ಅರ್ಧ ಗಂಟೆಯ ಮಾತು ಗ್ಯಾರಂಟಿ.

ಆದ್ದರಿಂದ ಹಿಡಿ ಇರುವುದನ್ನೇ ಕೊಡುವ ಮನಸ್ಸಿದ್ದರೆ ಬರೀ ಚಾರ್ಜರ್ ಬೇಡ. ರೇಡಿಯೋ, ಟಾರ್ಚು, ಚಾರ್ಜರ್ ಮೂರೂ ಒಂದರಲ್ಲೇ ಇರುವ ತುರ್ತು ರೇಡಿಯೋ ನೋಡಿ. ಅಮೆರಿಕದಲ್ಲಿ, ಅದರಲ್ಲೂ ಚಂಡಮಾರುತ ಬಡಿಯುವ ಫ್ಲೋರಿಡಾ, ಟೆಕ್ಸಾಸ್ ಕಡೆ ಇರುವ ಕನ್ನಡಿಗರಿಗೆ ಇದು ನಿಜಕ್ಕೂ ಒಳ್ಳೆಯ ಉಡುಗೊರೆ. ಅಲ್ಲಿ ಹವಾಮಾನದ ಎಚ್ಚರಿಕೆ ಹೇಳಲೆಂದೇ 162 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಪ್ರತ್ಯೇಕ ಬಾನುಲಿ ಇದೆ. ಆದರೆ ಅಲ್ಲಿಂದ ಯಾರೋ ತಂದುಕೊಟ್ಟರು ಅಂತ ಇಲ್ಲಿ ಆ ಬಟನ್ ಒತ್ತಿದರೆ ಬರೀ ಗೊರ್ ಗೊರ್. ನಮ್ಮಲ್ಲಿ ಎಫ್‌ಎಂ ಮತ್ತು ಮೀಡಿಯಂ ವೇವ್ ಹಿಡಿದರೆ ಸಾಕು.

ಭುಜ, ಮಣಿಕಟ್ಟು ನೋವಿರುವ ಹಿರಿಯರಿಗೆ ಕೊಡುವ ಮುನ್ನ ಒಂದು ಸಲ ನೀವೇ ಐದು ನಿಮಿಷ ಬಿಡದೆ ತಿರುಗಿಸಿ ನೋಡಿ. ಮತ್ತೆ ಹೆಚ್ಚಿಗೆ ಹೇಳಬೇಕಾಗಿಲ್ಲ.

ಬೆನ್ನಿಗೆ ಪ್ಯಾನೆಲ್ ಅಂಟಿಸಿದ ಪವರ್ ಬ್ಯಾಂಕ್

ಉಡುಗೊರೆಯಾಗಿ ಜಾಸ್ತಿ ಮಾರಾಟವಾಗುವುದು ಇದು. ಪವರ್ ಬ್ಯಾಂಕಿನ ಬೆನ್ನ ಮೇಲೆ ಕಪ್ಪು ಪ್ಯಾನೆಲ್, 20,000 ಎಂಎಎಚ್, ಜೊತೆಗೊಂದು ಟಾರ್ಚು, ಕೆಲವಕ್ಕೆ ದಿಕ್ಸೂಚಿ ಬೇರೆ. ನನಗೆ ಎಲ್ಲಕ್ಕಿಂತ ಕಡಿಮೆ ನಂಬಿಕೆ ಇರುವುದೂ ಇದರ ಮೇಲೆಯೇ. ಕಾರಣ ಇದರ ಅಳತೆ.

ಮೋಡವಿಲ್ಲದ ನಡುಮಧ್ಯಾಹ್ನ ಒಂದು ಚದರ ಮೀಟರ್ ಜಾಗದ ಮೇಲೆ ಬೀಳುವ ಬಿಸಿಲಿನಲ್ಲಿ ಸುಮಾರು 1000 ವ್ಯಾಟ್ ಇರುತ್ತದೆ. ಪವರ್ ಬ್ಯಾಂಕಿನ ಬೆನ್ನು 15 ಸೆಂಟಿಮೀಟರ್ ಉದ್ದ, 7 ಅಗಲ. ಅದರ ಮೇಲೆ ಬೀಳುವುದು 10 ವ್ಯಾಟ್‌ನಷ್ಟು ಬಿಸಿಲು. ಒಳ್ಳೆಯ ಪ್ಯಾನೆಲ್ ಅದರಲ್ಲಿ ಐದನೇ ಒಂದು ಪಾಲನ್ನು ಕರೆಂಟು ಮಾಡುತ್ತದೆ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಮೊದಲ ಸಿಲಿಕಾನ್ ಸೌರಕೋಶ ತೋರಿಸಿದಾಗ ನೂರಕ್ಕೆ ಆರು ಪಾಲು ಸಿಕ್ಕಿತ್ತು, ಅಲ್ಲಿಂದ ಇಲ್ಲಿಯವರೆಗೆ ಬಂದಿದ್ದೇವೆ. ಅಂತೂ ಸಿಗುವುದು 2 ವ್ಯಾಟ್. ನಿಜದಲ್ಲಿ ಒಂದು, ಒಂದೂವರೆ.

ಒಳಗಿನ ಟ್ಯಾಂಕು 74 ವ್ಯಾಟ್-ಗಂಟೆಯದು. ಒಂದೂವರೆ ವ್ಯಾಟ್‌ನ ನಲ್ಲಿಯಿಂದ ಅದು ತುಂಬಲು ಐವತ್ತು ಗಂಟೆ, ಸೋರಿಕೆ ಸೇರಿ ಅರವತ್ತು. ದಿನಕ್ಕೆ ಐದು ಗಂಟೆ ಖಡಕ್ ಬಿಸಿಲು ಸಿಕ್ಕರೂ ಹನ್ನೆರಡು ದಿನ. ಮನೆಯ ಸಿಂಟೆಕ್ಸ್ ಟ್ಯಾಂಕನ್ನು ಚಮಚದಲ್ಲಿ ತುಂಬಿಸಿದ ಹಾಗೆ.

ಚಮಚವಾದರೂ ಇದೆಯಲ್ಲ, ಇರಲಿ ಬಿಡಿ ಅನ್ನಬಹುದು. ಅಲ್ಲೂ ಒಂದು ತೊಡಕಿದೆ. ಪ್ಯಾನೆಲ್ಲಿಗೆ ಬಿಸಿಲು ಬೇಕು, ಅದರ ಹಿಂದೆಯೇ ಅಂಟಿಕೊಂಡಿರುವ ಲಿಥಿಯಂ ಬ್ಯಾಟರಿಗೆ ಬಿಸಿಲು ಆಗದು. ಇಂಥ ಬ್ಯಾಟರಿಗಳನ್ನು ಸಾಮಾನ್ಯವಾಗಿ 45 ಡಿಗ್ರಿಗಿಂತ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ಏಪ್ರಿಲ್‌ನಲ್ಲಿ ರಾಯಚೂರು, ಕಲಬುರಗಿಯ ತಾರಸಿಯ ಮೇಲೆ ಕಪ್ಪು ಡಬ್ಬ ಇಟ್ಟರೆ ಅದು ಆ ಗೆರೆ ದಾಟಲು ಬಹಳ ಹೊತ್ತು ಬೇಡ. ಕಾರಿನ ಗಾಜಿನ ಹಿಂದೆ ಇಡುವುದಂತೂ ಬೇಡವೇ ಬೇಡ. ಬ್ಯಾಟರಿಯ ಆಯಸ್ಸು ಇಳಿಯುತ್ತದೆ, ಊದಿಕೊಳ್ಳಬಹುದು, ಬೆಂಕಿಯ ಅಪಾಯವೂ ಉಂಟು.

ಮಡಚುವ ಪ್ಯಾನೆಲ್

ಪ್ಯಾನೆಲ್ಲನ್ನೂ ಬ್ಯಾಟರಿಯನ್ನೂ ಬೇರೆ ಬೇರೆ ಮಾಡಿದರೆ ಆ ಜಗಳ ಮುಗಿಯಿತು. ಪುಸ್ತಕದ ಹಾಗೆ ಮಡಚುವ ಪ್ಯಾನೆಲ್ಲುಗಳು ಸಿಗುತ್ತವೆ. 20 ವ್ಯಾಟ್‌ನದನ್ನು ಬಿಚ್ಚಿದರೆ ದಿನಪತ್ರಿಕೆಯ ಒಂದು ಪುಟಕ್ಕಿಂತ ತುಸು ಚಿಕ್ಕದು. ಹೆಸರಿಗೆ 20, ಒಳ್ಳೆಯ ಬಿಸಿಲಿನಲ್ಲಿ ಕೈಗೆ ಸಿಗುವುದು 12ರಿಂದ 15. ಆ 20 ಪ್ರಯೋಗಾಲಯದ ಸಂಖ್ಯೆ. ಅಲ್ಲಿ ಪ್ಯಾನೆಲ್ 25 ಡಿಗ್ರಿಯಲ್ಲಿ ತಣ್ಣಗಿರುತ್ತದೆ, ನಮ್ಮ ಅಂಗಳದಲ್ಲಿ ಇರುವುದಿಲ್ಲ. ಆದರೂ 10,000 ಎಂಎಎಚ್ ಪವರ್ ಬ್ಯಾಂಕನ್ನು ಮೂರು-ನಾಲ್ಕು ಗಂಟೆಯಲ್ಲಿ ತುಂಬಿಸಲು ಇಷ್ಟು ಸಾಕು.

ಬಳಸುವವರಿಗೆ ಎರಡು-ಮೂರು ಗುಟ್ಟು ಹೇಳಿಕೊಡಬೇಕು. ಹೇಳದೆ ಕೊಟ್ಟರೆ 'ಇದು ಕೆಲಸವೇ ಮಾಡಲ್ಲ' ಅಂತ ಅಟ್ಟ ಸೇರುತ್ತದೆ.

ಒಂದು, ಫೋನನ್ನು ಪ್ಯಾನೆಲ್ಲಿಗೆ ನೇರ ಸಿಕ್ಕಿಸಬಾರದು. ಮೋಡ ಒಂದು ಹಾದುಹೋದರೆ ಕರೆಂಟು ಕುಸಿಯುತ್ತದೆ. ಕೆಲವು ಫೋನು ಆಗ ಚಾರ್ಜಿಂಗ್ ನಿಲ್ಲಿಸಿಬಿಡುತ್ತವೆ, ಬಿಸಿಲು ಮತ್ತೆ ಬಂದರೂ ಕೇಬಲ್ ಕಿತ್ತು ಹಾಕುವ ತನಕ ಶುರು ಮಾಡುವುದಿಲ್ಲ. ಹಗಲು ಪವರ್ ಬ್ಯಾಂಕ್ ತುಂಬಿಸಿಕೊಂಡು ರಾತ್ರಿ ಅದರಿಂದ ಫೋನಿಗೆ ಕೊಡುವುದು ಸರಿ. ಪವರ್ ಬ್ಯಾಂಕನ್ನು ಪ್ಯಾನೆಲ್ಲಿನ ಅಡಿಯ ನೆರಳಿಗೆ ತಳ್ಳಿದರೆ ಬಿಸಿಯ ಚಿಂತೆಯೂ ಇಲ್ಲ.

ಎರಡು, ನೆರಳು. ಪ್ಯಾನೆಲ್ಲಿನ ಒಳಗೆ ಚಿಕ್ಕ ಚಿಕ್ಕ ಕೋಶಗಳನ್ನು ಒಂದರ ಹಿಂದೊಂದು ಜೋಡಿಸಿರುತ್ತಾರೆ. ಒಂದರ ಮೇಲೆ ಎಲೆಯ ನೆರಳು ಬಿದ್ದರೂ ಕಾಲುವೆಗೆ ಒಂದು ಕಡೆ ಮಣ್ಣು ಬಿದ್ದಂತೆ, ಹಿಂದಿನದ್ದೆಲ್ಲ ತಡೆದು ನಿಲ್ಲುತ್ತದೆ. ಹತ್ತರಲ್ಲಿ ಒಂದು ಪಾಲು ನೆರಳಾದರೆ ಅರ್ಧಕ್ಕರ್ಧ ಕರೆಂಟೇ ಹೋಗಬಹುದು.

ಮೂರು, ಸೂರ್ಯನಿಗೆ ಮುಖ. ಬೆಂಗಳೂರು, ತೀರ್ಥಹಳ್ಳಿಯ ಅಕ್ಷಾಂಶದಲ್ಲಿ ಸೂರ್ಯ ಮಧ್ಯಾಹ್ನ ನೆತ್ತಿಯ ಮೇಲೆ ನಿಲ್ಲುವುದು ವರ್ಷಕ್ಕೆ ಎರಡೇ ಸಲ: ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ ನಡುವಿನಲ್ಲೊಮ್ಮೆ. ಆಗ ನೆಲದ ಮೇಲೆ ಹಾಸಿದರೂ ನಡೆಯುತ್ತದೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ಸುಮಾರು 36 ಡಿಗ್ರಿ ವಾಲಿರುತ್ತಾನೆ, ಪ್ಯಾನೆಲ್ಲನ್ನೂ ಅತ್ತ ಒರಗಿಸಬೇಕು.

ಬಿಸಿಲಿಲ್ಲದ ದಿನ

ಈಗ ವಾಟ್ಸಾಪ್ ಗುಂಪಿನ ಜಗಳಕ್ಕೆ ಬರೋಣ. ಮಲೆನಾಡಿನಲ್ಲಿ ಕರೆಂಟು ಹೋಗುವುದು ಯಾವಾಗ? ಗಾಳಿ ಮಳೆ ಬಂದಾಗ. ಸೋಲಾರ್ ಕೈಕೊಡುವುದು ಯಾವಾಗ? ಆಗಲೇ. ದಟ್ಟ ಮೋಡದ ದಿನ ಪ್ಯಾನೆಲ್ ಕೊಡುವುದು ಹೆಸರಿನ ಹತ್ತನೇ ಒಂದು ಪಾಲು, ಹೆಚ್ಚೆಂದರೆ ಐದನೇ ಒಂದು. 20 ವ್ಯಾಟ್‌ನದು 2 ವ್ಯಾಟ್ ಕೊಟ್ಟೀತು. ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಆಗುಂಬೆಯ ಪಕ್ಕದ ಮನೆಗೆ ಬರೀ ಸೋಲಾರ್ ಪ್ಯಾನೆಲ್ ಕೊಡುವುದು ಅಂದರೆ ಬೇಸಿಗೆಯಲ್ಲಿ ಕಂಬಳಿ ಹಂಚಿದಂತೆ.

ಬಯಲುಸೀಮೆಯಲ್ಲಿ ಹಾಗಲ್ಲ. ಅಲ್ಲಿ ಕರೆಂಟು ಕಾಡುವುದು ಬೇಸಿಗೆಯಲ್ಲಿ, ಆಗ ಬಿಸಿಲಿಗೇನೂ ಬರವಿಲ್ಲ. ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಕಟ್ಟಿರುವುದು ಅಲ್ಲಿಯ ಬಿಸಿಲನ್ನು ನಂಬಿಯೇ. ಊರೂರು ಸುತ್ತುವ ಕುರಿಗಾಹಿಗೆ, ತೋಟದ ಮನೆಯಲ್ಲಿ ಮಲಗುವ ರೈತನಿಗೆ, ಹಿಮಾಲಯಕ್ಕೆ ಹತ್ತು ದಿನ ಚಾರಣ ಹೊರಟ ತಂಗಿಗೆ ಮಡಚುವ ಪ್ಯಾನೆಲ್ ಚೆನ್ನಾಗಿ ಒದಗುತ್ತದೆ. ಕುಮಾರಪರ್ವತಕ್ಕೆ ಎರಡು ದಿನ ಹೋಗಿ ಬರುವವರಿಗೆ ಬೇಡ. ಕಾಡಿನ ನೆರಳಲ್ಲಿ ಬ್ಯಾಗಿಗೆ ತೂಗುಹಾಕಿ ನಡೆದರೆ ಅದೊಂದು ಅಲಂಕಾರ ಅಷ್ಟೇ. ಅವರಿಗೆ ತುಂಬಿದ ಪವರ್ ಬ್ಯಾಂಕ್ ಸಾಕು.

ಮಲೆನಾಡಿನ ಮನೆಗೂ ಮೊದಲು ಬೇಕಾದದ್ದು ಅದೇ: ಮಳೆಗೆ ಮುಂಚೆಯೇ ತುಂಬಿಸಿಟ್ಟ ದೊಡ್ಡ ಟ್ಯಾಂಕು. 20,000 ಎಂಎಎಚ್‌ನ ಸಾದಾ ಪವರ್ ಬ್ಯಾಂಕ್ ಒಂದು ಫೋನನ್ನು ಮೂರು ಸಲ ತುಂಬುತ್ತದೆ. ಹುಷಾರಾಗಿ ಬಳಸಿದರೆ ನಾಲ್ಕೈದು ದಿನ. ಅಷ್ಟು ದಿನದಲ್ಲಿ ಹತ್ತಿರದ ಮೊಬೈಲ್ ಟವರಿನ ಡೀಸೆಲ್ಲೇ ಮುಗಿದರೆ ಯಾವ ಚಾರ್ಜರೂ ಏನೂ ಮಾಡಲಾರದು, ಅದು ಬೇರೆ ಮಾತು.

ಕೊಳ್ಳುವ ಮುನ್ನ

ಭಾರತದಲ್ಲಿ ಮಾರುವ ಪವರ್ ಬ್ಯಾಂಕಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಡಬ್ಬದ ಮೇಲೆ 'ಆರ್' ಅಕ್ಷರದಿಂದ ಶುರುವಾಗುವ ಸಂಖ್ಯೆ ಇರಬೇಕು. ಅದು ನಿಜವೋ ಸುಳ್ಳೋ ಅಂತ ಬಿಐಎಸ್ ಕೇರ್ ಆ್ಯಪಿನಲ್ಲಿ ನೋಡಬಹುದು. ದೊಡ್ಡ ಅಂಕಿ ಬಿಟ್ಟು ಸಣ್ಣಕ್ಷರದಲ್ಲಿರುವ 'ರೇಟೆಡ್ ಕೆಪಾಸಿಟಿ' ಓದಿ, ನಿಜವಾಗಿ ಹೊರಗೆ ಬರುವುದು ಅಷ್ಟೇ. ಅವರ ಫೋನಿಗೆ ಯಾವ ಕೇಬಲ್ ಬೇಕು ಅಂತ ಮೊದಲೇ ಕೇಳಿಕೊಳ್ಳಿ. ಹಳೇ ಬಟನ್ ಫೋನಿಗೆ ಟೈಪ್-ಸಿ ಕೇಬಲ್ ಕೊಟ್ಟು ಬಂದು ನಾನೇ ಒಮ್ಮೆ ಪೆಚ್ಚಾಗಿದ್ದೇನೆ.

ವಿಮಾನದಲ್ಲಿ ಒಯ್ಯುವುದಾದರೆ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ. ಸಾಮಾನ್ಯವಾಗಿ 100 ವ್ಯಾಟ್-ಗಂಟೆಯವರೆಗೆ, ಅಂದರೆ ಸುಮಾರು 27,000 ಎಂಎಎಚ್‌ವರೆಗೆ ಬಿಡುತ್ತಾರೆ. ಬರೀ ಪ್ಯಾನೆಲ್ಲಿಗೆ, ಒಳಗೆ ಬ್ಯಾಟರಿ ಇಲ್ಲದಿದ್ದರೆ, ಈ ರಗಳೆ ಇಲ್ಲ.

ನಾವು ಕೊನೆಗೆ ಕೊಟ್ಟದ್ದು ಮೂರು ವಸ್ತು: ಬೆನ್ನಿಗೇನೂ ಅಂಟಿಸದ ಸಾದಾ ಪವರ್ ಬ್ಯಾಂಕ್, ಹಿಡಿ ತಿರುಗಿಸುವ ಪುಟ್ಟ ರೇಡಿಯೋ-ಟಾರ್ಚು, ಮಡಚುವ ಪ್ಯಾನೆಲ್. ಜೊತೆಗೆ ದಪ್ಪ ಅಕ್ಷರದಲ್ಲಿ ಬರೆದ ಒಂದು ಚೀಟಿ: 'ರೋಹಿಣಿ ಮಳೆಗೆ ಮೊದಲು ಪವರ್ ಬ್ಯಾಂಕ್ ತುಂಬಿಸಿ. ಬಳಸದಿದ್ದರೂ ಮೂರು ತಿಂಗಳಿಗೊಮ್ಮೆ ಚಾರ್ಜ್ ಹಾಕಿ.' ಪ್ಯಾನೆಲ್ ಎಲ್ಲಿ ಹಾಸಬೇಕು ಅಂತ ಹೇಳಿಕೊಡಲು ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಪ್ಪ ಅಂಗಳಕ್ಕಿಳಿದು ಒಂದು ಮೂಲೆ ತೋರಿಸಿದರು. ನಲವತ್ತು ವರ್ಷ ಅಡಿಕೆ ಒಣಗಿಸಿದವರು. ಆ ಅಂಗಳದಲ್ಲಿ ಯಾವ ತಿಂಗಳು ಎಷ್ಟು ಹೊತ್ತಿಗೆ ಯಾವ ಮರದ ನೆರಳು ಎಲ್ಲಿ ಬೀಳುತ್ತದೆ ಅನ್ನುವುದು ಅವರಿಗೆ ಬಾಯಿಪಾಠ.